ಮೀಟರ್‌ನಾಗ 12 ತೋರ್ಸಾಕತ್ತೈತ್ರಿ

ಹುಬ್ಬಳ್ಳಿ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್‌ನ ಪೌಚ್ ಮಷೀನು, ಫಿಲ್ಮ್ ಎಳೆಯುವುದು ಸ್ಟೆಪ್ಪರ್ ಮೋಟಾರ್. ಜಾಗ್‌ನಲ್ಲಿ, ಅಂದರೆ ಬಟನ್ ಒತ್ತಿ ನಿಧಾನ ಓಡಿಸಿದರೆ, ಪೌಚ್ ಉದ್ದ 200 ಎಂಎಂ ಕರೆಕ್ಟ್. ಆಟೋಗೆ ಹಾಕಿ ಸ್ಪೀಡ್ ಏರಿಸಿದರೆ 193, ಇನ್ನೂ ಏರಿಸಿದರೆ 188. ಪ್ಲೇನ್ ಫಿಲ್ಮ್ ಆದ್ದರಿಂದ ಪ್ರಿಂಟಿನ ಗುರುತು ನೋಡುವ ಮಾರ್ಕ್ ಸೆನ್ಸರ್ ಇಲ್ಲ, ಉದ್ದವೆಲ್ಲ ಪಲ್ಸ್ ಲೆಕ್ಕದ ಮೇಲೇ: ಒಂದು ಪಲ್ಸ್‌ಗೆ ಮೋಟಾರ್ ಒಂದು ಸ್ಟೆಪ್.

ಫಿಲ್ಮ್ ಜಾರುತ್ತಿದೆ ಅಂತ ರಬ್ಬರ್ ರೋಲರ್ ಒರೆಸಿ, ಸ್ಪ್ರಿಂಗ್ ಬಿಗಿ ಮಾಡಿಸಿದ್ದಾಯಿತು. ಫರಕ್ ಬೀಳಲಿಲ್ಲ. ಮೋಟಾರ್ ಲೋಡ್ ತಡೆಯದೆ ಸ್ಟೆಪ್ ಬಿಟ್ಟರೆ ಗುರ್ ಅನ್ನಬೇಕು, ಇದು ಬೆಣ್ಣೆ ಹಾಗೆ ತಿರುಗುತ್ತಿತ್ತು. ಅಂದರೆ ಮೋಟಾರ್ ಓಡಿಸುವ ಡ್ರೈವ್‌ಗೇ ಪಲ್ಸ್ ಕಡಿಮೆ ಸಿಗುತ್ತಿದೆ.

ಅಷ್ಟರಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಬಂದು ಬೆನ್ನ ಹಿಂದೆಯೇ ನಿಂತರು, ಕೈಯಲ್ಲಿ ಫೋನ್, ಆ ಕಡೆ ಪಾರ್ಟಿ. ಮಷೀನ್ ಓಡುವಾಗಲೇ ಡ್ರೈವ್‌ಗೆ ಪಲ್ಸ್ ಕಳಿಸುವ ಮಾಡ್ಯೂಲಿನ ಔಟ್‌ಪುಟ್‌ಗೆ ಮೀಟರ್ ಹಿಡಿದಿದ್ದ ಹುಡುಗ ಕೂಗಿದ: "ಸರ, 24 ಬರಬೇಕಿತ್ತು, 12 ಅಷ್ಟ ತೋರ್ಸಾಕತ್ತೈತ್ರಿ!"

"ಮಾಡ್ಯೂಲ್ ಹೋಗೇತಿ ನೋಡ್ರಿ. ಹೊಸಾದು ತರಸ್ರಿ," ಅಂದರು ಮ್ಯಾನೇಜರ್.

ಅರ್ಧ ಹೊತ್ತು ಆನ್, ಅರ್ಧ ಹೊತ್ತು ಆಫ್ ಇರುವ 24 ವೋಲ್ಟ್ ಪಲ್ಸ್‌ಗೆ ಡಿಸಿ ರೇಂಜಿನ ಮೀಟರ್ ಸರಾಸರಿ ಹಿಡಿದು 12 ಅಂತಲೇ ತೋರಿಸಬೇಕು. ಮಾಡ್ಯೂಲ್ ಪಲ್ಸ್ ಕೊಡುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹೊಸ ಮಾಡ್ಯೂಲಿನ ಇಂಡೆಂಟ್‌ಗೆ, ಅಂದರೆ ಖರೀದಿ ಚೀಟಿಗೆ, ಸಹಿ ಬಿದ್ದಿತ್ತು. ಪಲ್ಸಿನ ಆಕಾರ ತೋರಿಸುವ ಒಂದು ಸ್ಕೋಪ್ ಇದ್ದಿದ್ದರೆ ಸ್ಕ್ರೀನ್ ತೋರಿಸಿ ಮಾತು ಮುಗಿಸಬಹುದಿತ್ತು. ರಿಸೆಪ್ಶನ್‌ನಲ್ಲಿ ಗೋಡೆಯಗಲದ ಟಿವಿಗೆ ದುಡ್ಡಿದೆ, ಸ್ಕೋಪ್‌ಗಿಲ್ಲ.

ಮಾಡ್ಯೂಲ್ ಎನ್‌ಪಿಎನ್ ಓಪನ್ ಕಲೆಕ್ಟರ್, ಅಂದರೆ ಆನ್ ಆದಾಗ ಲೈನನ್ನು ಸೊನ್ನೆ ವೋಲ್ಟ್‌ಗೆ ಎಳೆಯುವ ಜಾತಿ. ಡ್ರೈವ್ ಇನ್‌ಪುಟ್ 5 ವೋಲ್ಟ್ ಆಪ್ಟೋ, ಒಳಗಿನ ಪುಟ್ಟ ಎಲ್‌ಇಡಿ ಹೊತ್ತಿದರೆ ಪಲ್ಸ್ ಬಂತು ಅಂತ ಲೆಕ್ಕ. ಪಲ್ಸ್ ಪ್ಲಸ್‌ಗೆ 24 ವೋಲ್ಟ್, ಪಲ್ಸ್ ಮೈನಸ್‌ನಿಂದ ಕರೆಂಟ್ ಹಿಡಿತದಲ್ಲಿಡುವ ಸೀರೀಸ್ ರೆಸಿಸ್ಟರ್ ದಾಟಿ ಮಾಡ್ಯೂಲ್ ಔಟ್‌ಪುಟ್‌ಗೆ. ಡ್ರಾಯಿಂಗ್‌ನಲ್ಲಿ 2.2ಕೆ (2200 ಓಮ್), ಅರ್ಧ ವ್ಯಾಟ್. ಪ್ಯಾನೆಲ್‌ನಲ್ಲಿ ರೆಸಿಸ್ಟರ್ ಮೇಲೆ ಕಪ್ಪು ಸ್ಲೀವ್, ತುದಿಗೆ ಲಗ್, ಫೆರೂಲ್ ನಂಬರ್. ನೋಡಲು ಏನು ಚಂದ! ಎಷ್ಟು ಓಮ್ ಅಂತ ಹೇಳುವ ಬಣ್ಣದ ಪಟ್ಟಿಯೊಂದೇ ಕಾಣಲ್ಲ.

ಔಟ್‌ಪುಟ್ ಆನ್‌ನಲ್ಲೇ ಹಿಡಿದಿಟ್ಟು ಆ ಲೈನಿನಲ್ಲಿ ಮೀಟರನ್ನು ಸೀರೀಸ್ ಹಾಕಿದೆ. 4.5 ಮಿಲಿಆಂಪ್. ಡ್ರೈವ್ ಮ್ಯಾನುಯಲ್ ಕೇಳುವುದು ಕನಿಷ್ಠ 7. ಬ್ಲೇಡಿನಿಂದ ಸ್ಲೀವ್ ಸೀಳಿದರೆ ಹಳದಿ, ನೇರಳೆ, ಕೆಂಪು. 4.7ಕೆ!

ಅಷ್ಟು ಕರೆಂಟ್‌ಗೂ ಆಪ್ಟೋ ಆನ್ ಆಗುತ್ತದೆ, ಆದರೆ ತಡವಾಗಿ. ಜಾಗ್‌ನಲ್ಲಿ ಪಲ್ಸ್ ಅಗಲವಿರುವುದರಿಂದ ನಡೆದುಹೋಗುತ್ತದೆ. ಸ್ಪೀಡ್ ಏರಿದರೆ ಕೆಲವು ಸಲ ಆಪ್ಟೋ ಏಳುವುದರೊಳಗೆ ಪಲ್ಸೇ ಮುಗಿದಿರುತ್ತದೆ. ತಿರುಗುವ ದಿಕ್ಕು ಹೇಳುವ ಡೈರೆಕ್ಷನ್ ಲೈನಿಗೂ ಅದೇ 4.7 ಇತ್ತು, ಅದು ಒಮ್ಮೆ ಆನ್ ಆಗಿ ಕೂತರೆ ಆಯಿತು, ತಕರಾರಿಲ್ಲ.

ವೈರ್‌ಮನ್‌ಗೆ ಫೋನ್ ಹಚ್ಚಿದೆ. "ಸ್ಟೋರ್‌ನ್ಯಾಗ 2.2 ಇರಲಿಲ್ರಿ ಅಣ್ಣಾ, ಇದ್ದದ್ದ ಹಾಕೇನಿ. ಮೋಟಾರ್ ತಿರಗ್ತಲ್ರಿ ಮತ್ತ?"

ತಿರುಗಿತ್ತು, ಹೌದು.

ಒಂದೆರಡು ರೂಪಾಯಿಯ ರೆಸಿಸ್ಟರ್ ತರಲು ಹುಡುಗ ಬೈಕ್ ಮೇಲೆ ಪೇಟೆಗೆ ಹೋಗಿ ಬಂದ. ಎರಡೂ ಲೈನ್ ಬದಲಿಸಿದ ಮೇಲೆ ಫುಲ್ ಸ್ಪೀಡ್‌ನಲ್ಲೂ 200. ಹೊಸ ಮಾಡ್ಯೂಲ್ ಬಂತು, ವಾಪಸ್ ತಗೊಳ್ಳಲ್ಲ ಅಂದರು, ಸ್ಪೇರ್ ಅಂತ ಬರೆದು ಸ್ಟೋರ್‌ಗೆ ಸೇರಿಸಿದ್ದಾರೆ. ನಾನೂ ಎರಡು ಇಂಡೆಂಟ್ ಕಳಿಸಿದ್ದೆ: ಸ್ಕೋಪ್ ಒಂದು, ಮಿಕ್ಸ್ ರೆಸಿಸ್ಟರ್ ಡಬ್ಬಿ ಒಂದು. ಡಬ್ಬಿ ಪಾಸಾಗಿದೆ.