ಮಗನಿಗೆ ಯಾವ ಹಾಡು ಕೇಳಿಸಲಿ?

"ನೀವು ಚರ್ಚಿನ ಸಭೆಯಲ್ಲಿ ಯೌವನಸ್ಥರಿಗೆ ಹಾಡು ಕಲಿಸುತ್ತೀರಲ್ಲ, ನಮ್ಮ ಮಗನಿಗೆ ಯಾವ ಹಾಡು ಕೇಳಿಸಲಿ ಹೇಳಿ. ಯಾಕೋ ಮಂಕಾಗಿದ್ದಾನೆ. ಪ್ರಾರ್ಥನೆಗೂ ಬಂದು ಕೂರುವುದಿಲ್ಲ."

ಈ ಮಾತನ್ನು ಎಷ್ಟು ತಂದೆ ತಾಯಿಯರಿಂದ ಕೇಳಿದ್ದೇನೋ ಲೆಕ್ಕವಿಲ್ಲ. ಅವರಿಗೆ ಬೇಕಿರುವುದು ಒಂದು ಪಟ್ಟಿ. ಜ್ವರಕ್ಕೆ ಮಾತ್ರೆ ಬರೆದುಕೊಟ್ಟ ಹಾಗೆ ಐದಾರು ಹಾಡುಗಳ ಹೆಸರು. ಮೊದಲೆಲ್ಲ ಕೊಡುತ್ತಿದ್ದೆ. ಈಗ ಕೊಡುವುದಿಲ್ಲ.

ಹಾಡು ಕಲಿಸಲು ಶುರು ಮಾಡಿದ ಹೊಸದರಲ್ಲಿ ನಾನು ಆರಿಸುತ್ತಿದ್ದುದೆಲ್ಲ ಹುರುಪಿನ ಹಾಡುಗಳೇ. ಚಪ್ಪಾಳೆ, ಗಿಟಾರ್, ಡ್ರಮ್ಸ್. ಒಬ್ಬಳು ಹುಡುಗಿ ಎರಡು ಮೂರು ವಾರ ಬಾಯಿ ತೆರೆಯದೆ ಸುಮ್ನೆ ನಿಂತಿರುತ್ತಿದ್ದಳು. "ಸ್ತುತಿ ಹಾಡುವಾಗ ಮುಖ ಹೀಗೆ ಇಟ್ಟುಕೊಳ್ಳಬಾರದಮ್ಮ, ಸ್ವಲ್ಪ ನಗು" ಅಂದೆ. ಅವಳು ನಕ್ಕಳು. ಮುಂದಿನ ವಾರ ಬರಲಿಲ್ಲ. ಅವಳ ಅಪ್ಪ ಅಮ್ಮ ಬೇರೆಯಾಗುತ್ತಿದ್ದರು ಅಂತ ನನಗೆ ಗೊತ್ತಾದದ್ದು ಆಮೇಲೆ.

ಆ ನಗುವನ್ನು ನಾನು ಮರೆತಿಲ್ಲ. ವಿಷಯ ಗೊತ್ತಾದ ದಿನವೇ ಮನೆಗೆ ಹೋಗಿ ಬೈಬಲಿನ ಕೀರ್ತನೆಗಳ ಪುಸ್ತಕ ತೆರೆದೆ. 150 ಕೀರ್ತನೆಗಳಿವೆ. ಅದರಲ್ಲಿ ಎಷ್ಟೊಂದು ಅಳು! 13ನೇ ಕೀರ್ತನೆ ಶುರುವಾಗುವುದೇ ದೂರಿನಿಂದ. ಇನ್ನೂ ಎಷ್ಟು ಕಾಲ ನನ್ನನ್ನು ಮರೆತಿರುತ್ತೀ ಅಂತ ದೇವರನ್ನೇ ಕೇಳುತ್ತದೆ. "ಎಷ್ಟು ಕಾಲ" ಎಂಬ ಪ್ರಶ್ನೆ ಮೊದಲ ಎರಡು ವಚನಗಳಲ್ಲೇ 4 ಸಲ ಬರುತ್ತದೆ. ಕೊನೆಗೆ ಹಾಡುತ್ತೇನೆ ಅನ್ನುತ್ತದೆ ನಿಜ, ಆದರೆ ಅಲ್ಲಿಗೆ ಮುಟ್ಟುವುದು ಅತ್ತ ಮೇಲೆ. 88ನೇ ಕೀರ್ತನೆಯಲ್ಲಂತೂ ಆ ತಿರುವೂ ಇಲ್ಲ. ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಇಂಥದ್ದನ್ನು ಬೈಬಲ್ ಹಾಡು ಅಂತ ಇಟ್ಟುಕೊಂಡಿದೆ. ನಾನು ಮಾತ್ರ ಮಕ್ಕಳಿಗೆ ನಗಲು ಹೇಳುತ್ತಿದ್ದೆ.

ಆ ಹುಡುಗಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. 13ನೇ ಕೀರ್ತನೆ ಓದಿ ಹೇಳಿದೆ. "ಇದನ್ನು ಹಾಡಬಹುದಾ?" ಅಂತ ಕೇಳಿದಳು. ಇಬ್ಬರೂ ಸೇರಿ ರಾಗ ಹಾಕಿದೆವು. ತುಂಬಾ ಸರಳವಾದ ರಾಗ. ಅವಳು ವಾಪಸ್ ಬಂದಳು. ಆಮೇಲೆ ಅದನ್ನು ಕಲಿತ ಬೇರೆ ಮಕ್ಕಳು ಒಬ್ಬೊಬ್ಬರಾಗಿ ಬಂದು ಮಾತಾಡತೊಡಗಿದರು. ಪರೀಕ್ಷೆ, ಮನೆಯ ಸಾಲ, ಸತ್ತುಹೋದ ಗೆಳೆಯ. ಹುರುಪಿನ ಹಾಡು ಹಾಡಿಸಿದ ಅಷ್ಟೂ ದಿನಗಳಲ್ಲಿ ಯಾರೂ ಹೀಗೆ ಬಂದಿರಲಿಲ್ಲ.

ಹಾಗಂತ ಸಂತೋಷದ ಹಾಡು ಬೇಡ ಅನ್ನುತ್ತಿಲ್ಲ. ಅಳುವವನಿಗೂ ಆ ಗುಂಪಿನಲ್ಲಿ ಜಾಗ ಇರಬೇಕು ಅಂತಿದ್ದೇನೆ. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 16ನೇ ಅಧ್ಯಾಯದಲ್ಲಿ, ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ, ಸೀಲ ಫಿಲಿಪ್ಪಿ ಊರಿನ ಸೆರೆಮನೆಯಲ್ಲಿ ಮಧ್ಯರಾತ್ರಿ ಹಾಡಿದ್ದನ್ನು ನಾವು ಎಷ್ಟು ಸಲ ಕೇಳಿದ್ದೇವೆ! ಅವರ ಗಾಯಗಳನ್ನು ಸೆರೆಮನೆಯ ಅಧಿಕಾರಿ ತೊಳೆದದ್ದು ಭೂಕಂಪ ಆದ ಮೇಲೆ. ಅಂದರೆ ಹಾಡುವಾಗ ಏಟು ಬಿದ್ದ ಬೆನ್ನು ಇನ್ನೂ ಹಾಗೇ ಇತ್ತು, ಕಾಲು ಕೋಳದಲ್ಲಿತ್ತು. ಉಳಿದ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರಂತೆ. ನೋವಿದ್ದವರ ಹಾಡನ್ನು ನೋವಿದ್ದವರು ಕೇಳಿಸಿಕೊಳ್ಳುತ್ತಾರೆ.

ಹಾಡು ಸಮಾಧಾನ ಕೊಟ್ಟರೆ ಸಾಲದು, ದಾರಿಯನ್ನೂ ತೋರಿಸಬೇಕು. ಹಾಡಿನ ಸಾಲು ಉಪದೇಶಕ್ಕಿಂತ ಜಾಸ್ತಿ ದಿನ ನೆನಪಿರುತ್ತದೆ. ಅದಕ್ಕೇ ನನಗೆ ಸಾಹಿತ್ಯದ ಬಗ್ಗೆ ಭಯ. ಹೊಸ ಹಾಡು ಕಲಿಸುವ ಮೊದಲು ರಾಗ ಬಿಟ್ಟು ಮಾತುಗಳನ್ನಷ್ಟೇ ಎಲ್ಲರ ಮುಂದೆ ಓದಿಸುತ್ತೇನೆ. ಇದು ದೇವರ ಬಗ್ಗೆ ಏನು ಹೇಳುತ್ತದೆ? ಪಕ್ಕದವನ ಬಗ್ಗೆ ಏನಾದರೂ ಹೇಳುತ್ತದಾ? ಸೋತು ಬಂದವನು ಇದನ್ನು ಹಾಡಬಲ್ಲನಾ? ಹದಿನಾರರ ಮಕ್ಕಳು ಕೊಡುವ ಉತ್ತರ ಕೇಳಿದರೆ ಆಶ್ಚರ್ಯವಾಗುತ್ತದೆ. ಬೈಬಲಿನಲ್ಲಿ ಕೊಲೊಸ್ಸೆಯ ಸಭೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಹಾಡುಗಳ ಮೂಲಕ ಒಬ್ಬರಿಗೊಬ್ಬರು ಬುದ್ಧಿ ಹೇಳಿ ಅಂತಿದೆ. ಒಬ್ಬರಿಗೊಬ್ಬರು. ದೊಡ್ಡವರು ಚಿಕ್ಕವರಿಗೆ ಮಾತ್ರ ಅಲ್ಲ.

ಹಾಡಿನ ಹಿಂದಿನ ಬದುಕನ್ನೂ ಹೇಳುತ್ತೇನೆ. 'ಅಮೇಜಿಂಗ್ ಗ್ರೇಸ್' ಎಂಬ ಹೆಸರಾಂತ ಇಂಗ್ಲಿಷ್ ಭಕ್ತಿಗೀತೆ ಬರೆದ ಜಾನ್ ನ್ಯೂಟನ್ 1748ರಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗಿನಲ್ಲಿ ದೇವರನ್ನು ಕೂಗಿಕೊಂಡವರು. ಕಥೆಯನ್ನು ಅಷ್ಟಕ್ಕೇ ನಿಲ್ಲಿಸುವವರೇ ಹೆಚ್ಚು. ಆದರೆ ಅದಾದ ಮೇಲೂ ಅವರು ಗುಲಾಮರನ್ನು ಸಾಗಿಸುವ ಹಡಗುಗಳ ಕ್ಯಾಪ್ಟನ್ ಆಗಿದ್ದರು. ಕಡಲ ಕೆಲಸ ಬಿಟ್ಟದ್ದು 1754ರಲ್ಲಿ. ಹಾಡು ಬರೆದದ್ದು 1772ರಲ್ಲಿ. ಆ ವ್ಯಾಪಾರವನ್ನು ಖಂಡಿಸಿ, ತನ್ನ ತಪ್ಪೊಪ್ಪಿಕೊಂಡು ಬರಹ ಪ್ರಕಟಿಸಿದ್ದು 1788ರಲ್ಲಿ. ನಲವತ್ತು ವರ್ಷ! ಸಭೆಯ ಯೌವನಸ್ಥರ ಕ್ಯಾಂಪಿನಲ್ಲಿ ಅತ್ತು, ಇನ್ನು ಬದಲಾಗುತ್ತೇನೆ ಅಂತ ತೀರ್ಮಾನ ಮಾಡಿ, ಮೂರೇ ವಾರದಲ್ಲಿ ಹಳೆಯ ಚಟಕ್ಕೆ ಮರಳಿ, ನಾನು ಸುಳ್ಳು ವಿಶ್ವಾಸಿ ಅಂತ ಕುಗ್ಗಿದ ಹುಡುಗನಿಗೆ ಈ ವರ್ಷಗಳ ಲೆಕ್ಕ ಹೇಳಿದ್ದೇನೆ. ತಪ್ಪಿಗೆ ಸಬೂಬು ಅಂತಲ್ಲ. ದೇವರು ಕೈಬಿಟ್ಟಿಲ್ಲ ಅಂತ.

ಕ್ಯಾಂಪಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ದೀಪ ಮಂದ ಮಾಡಿ, ಕೀಬೋರ್ಡಿನಲ್ಲಿ ಒಂದೇ ಸ್ವರ ಹಿಡಿದು, ಮಕ್ಕಳು ಅಳುವವರೆಗೂ ಅದೇ ಸಾಲನ್ನು ತಿರುಗಿ ತಿರುಗಿ ಹಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಸಂಗೀತಕ್ಕೆ ಆ ಶಕ್ತಿ ಇದೆ. ಇದೆ ಅಂತಲೇ ಕೈ ಬಿಗಿಹಿಡಿಯಬೇಕು.

ಇನ್ನೊಂದು ಸಣ್ಣ ವಿಷಯ, ಆದರೆ ಇದರಿಂದ ಎಷ್ಟೋ ಹುಡುಗರನ್ನು ಕಳೆದುಕೊಳ್ಳುತ್ತೇವೆ. ಹದಿಮೂರು ಹದಿನಾಲ್ಕರ ಹೊತ್ತಿಗೆ ದನಿ ಒಡೆಯುತ್ತದೆ. ನಿನ್ನೆ ಹಾಡಿದ ಮೇಲಿನ ಸ್ವರ ಇವತ್ತು ಸಿಗುವುದಿಲ್ಲ. ಪಕ್ಕದವರು ನಗುತ್ತಾರೆ. ಅವನು ಹಿಂದಿನ ಬೆಂಚಿಗೆ ಹೋಗುತ್ತಾನೆ, ಆಮೇಲೆ ಹೊರಗೆ ಹೋಗುತ್ತಾನೆ. ಸ್ಕೇಲ್ ಇಳಿಸಿ. ರೆಕಾರ್ಡಿಂಗಿನಲ್ಲಿ ಇರುವಷ್ಟೇ ಎತ್ತರದಲ್ಲಿ ಹಾಡಬೇಕು ಅಂತ ಯಾರೂ ಹೇಳಿಲ್ಲ. ಆಗಲೂ ಆಗದಿದ್ದರೆ ಕೈಗೆ ತಾಳವಾದ್ಯ ಕೊಡಿ, ಅವನು ಗುಂಪಿನೊಳಗೇ ಇರಲಿ.

ಬದುಕಿರುವುದೇ ಬೇಡ ಅನ್ನುವ ಮಟ್ಟಕ್ಕೆ ಮಗು ಹೋಗಿದ್ದರೆ ಹಾಡನ್ನು ಕಾಯಬೇಡಿ. ಅವರನ್ನು ಒಬ್ಬರೇ ಬಿಡದೆ ಕೂಡಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹಾಡು ಜೊತೆಗಿರಲಿ, ಚಿಕಿತ್ಸೆಯ ಬದಲಿಗೆ ಬೇಡ.

ಹಾಗಾದರೆ ಮಗನಿಗೆ ಯಾವ ಹಾಡು? ನಿಮ್ಮ ಮಗ ಈಗಾಗಲೇ ಏನನ್ನೋ ಕೇಳುತ್ತಿದ್ದಾನೆ ಅಲ್ವಾ? ಇವತ್ತು ಸಂಜೆ ಪಕ್ಕದಲ್ಲಿ ಕೂತು, "ಒಂದು ಇಯರ್‌ಫೋನ್ ನನಗೂ ಕೊಡು" ಅಂತ ಕೇಳಿ. ಪೂರ್ತಿ ಕೇಳಿ. ಮಧ್ಯೆ ಮುಖ ಸಿಂಡರಿಸಬೇಡಿ. ಮುಗಿದ ಮೇಲೆ, ಇದರಲ್ಲಿ ನಿನಗೆ ಯಾವ ಸಾಲು ಇಷ್ಟ ಅಂತ ಕೇಳಿ. ಅವನು ಹೇಳಿದ ಸಾಲನ್ನು ತಂದು ನನಗೆ ಹೇಳಿ. ಅಲ್ಲಿಂದ ಇಬ್ಬರೂ ಸೇರಿ ಹುಡುಕೋಣ.