ಮಳೆಗೆ ಮುಂಚೆ ಕಾಗದ ಪತ್ರ

ಮುಂಬೈಯ ಕಲೀನಾದಲ್ಲಿ ನಮ್ಮ ದೊಡ್ಡಪ್ಪನ ಮನೆ ಇರುವುದು ಗ್ರೌಂಡ್ ಫ್ಲೋರ್‌ನಲ್ಲಿ. ಮಿಠಿ ನದಿ ಅಲ್ಲಿಂದ ದೂರವೇನಿಲ್ಲ. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಅವತ್ತು ಈ ಮನೆಯೊಳಗೆ ಎದೆಮಟ್ಟ ನೀರು. ಮನೆಯವರೆಲ್ಲ ಮೇಲಿನ ಮಹಡಿಗೆ ಓಡಿ ಬಚಾವಾದರು. ಕಾಗದಗಳು ಕೆಳಗೇ ಉಳಿದವು.

ಮನೆ ಸಾಮಾನಿಗೆ ವಿಮೆ ಇತ್ತು. ಆದರೆ ನೀರು ಇಳಿದ ಮೇಲೆ ಊರಿಡೀ ಇಲಿಜ್ವರದ ಭಯ. ದೊಡ್ಡಮ್ಮ ಕೆಸರು ಹತ್ತಿದ ಹಾಸಿಗೆ, ಟೀವಿ, ಮಿಕ್ಸಿ ಎಲ್ಲವನ್ನೂ ಬೀದಿಗೆ ಹಾಕಿಸಿದರು. ಮುನಿಸಿಪಾಲಿಟಿ ಲಾರಿ ಬಂದು ಒಯ್ದಿತು. ಆಮೇಲೆ ನಷ್ಟ ನೋಡಲು ಬಂದ ವಿಮೆಯ ಸರ್ವೇಯರ್, "ಸಾಮಾನು ಎಲ್ಲಿ? ಬಿಲ್ ಎಲ್ಲಿ?" ಅಂತ ಕೇಳಿದರು. ಬಿಲ್ಲುಗಳೆಲ್ಲ ಮುದ್ದೆಯಾಗಿದ್ದವು. ಕೇಳಿದ ಹಣದಲ್ಲಿ ಕಾಲು ಭಾಗವೂ ಕೈಗೆ ಬರಲಿಲ್ಲ. ನಿಯಮದ ಪ್ರಕಾರ ಅವರು ಕೇಳಿದ್ದು ಸರಿಯೇ ಇರಬಹುದು. ಆದರೂ ಅವತ್ತಿನ ದೊಡ್ಡಮ್ಮನ ಮುಖ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮನೆಯ ಅಗ್ರಿಮೆಂಟ್ ರಿಜಿಸ್ಟರ್ ಆಗಿತ್ತು. ಹಾಗಾಗಿ ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಅದರ ನಕಲು ಸಿಕ್ಕಿತು. ಹೌಸಿಂಗ್ ಸೊಸೈಟಿಯಲ್ಲಿ ಮನೆಯ ಸದಸ್ಯತ್ವಕ್ಕೆ ಕೊಡುವ ಶೇರ್ ಸರ್ಟಿಫಿಕೇಟ್‌ಗೆ ಮಾತ್ರ ತುಂಬಾ ಓಡಾಟ. ಪೊಲೀಸ್ ದೂರು, ಪೇಪರಿನಲ್ಲಿ ಜಾಹೀರಾತು, ಸ್ಟಾಂಪ್ ಪೇಪರ್ ಮೇಲೆ ಬಾಂಡ್, ಎಲ್ಲ ಆದ ಮೇಲೆ ಡುಪ್ಲಿಕೇಟ್ ಬಂತು.

ಮತ್ತೆ ಹಾಗಾಗಬಾರದು ಅಂತ ಈ ವರ್ಷ ಮೇ ತಿಂಗಳ ಒಂದು ಭಾನುವಾರ ಅವರ ಕಾಗದಗಳನ್ನು ಸರಿಮಾಡಲು ನಾನೇ ಹೋಗಿ ಕೂತೆ. ಮುಂಬೈಗೆ ಮಳೆ ಹಿಡಿಯುವುದು ಸಾಮಾನ್ಯವಾಗಿ ಜೂನ್ ಎರಡನೇ ವಾರ. ನೀರು ಬಾಗಿಲಿಗೆ ಬಂದ ಮೇಲೆ ವಿಮೆ ಮಾಡಿಸಲು ಆಗುವುದಿಲ್ಲ, ಅಲ್ವಾ? ದೊಡ್ಡಪ್ಪ ಕಪಾಟಿನ ಕೆಳಗಿನ ಖಾನೆಯಿಂದ ಪ್ಲಾಸ್ಟಿಕ್ ಚೀಲ ತೆಗೆದರು. ಮತ್ತೆ ಕೆಳಗಿನ ಖಾನೆಯೇ! ಅದನ್ನು ಅಟ್ಟಕ್ಕೆ ಏರಿಸುವುದೇ ಮೊದಲ ಕೆಲಸ ಅಂದೆ.

ಪಾಲಿಸಿ ತೆಗೆದು ಓದಿದರೆ ಹೆಸರು ಊರಿನ ಕ್ರಮದಲ್ಲಿ, ಇನಿಶಿಯಲ್ ಜೊತೆ. ಆಧಾರ್ ಮತ್ತು ಬ್ಯಾಂಕಿನಲ್ಲಿ ಮುಂಬೈ ಕ್ರಮ: ಹೆಸರು, ತಂದೆಯ ಹೆಸರು, ಅಡ್ಡಹೆಸರು. ನಮ್ಮ ಕಡೆಯಿಂದ ಬಂದವರ ಅರ್ಧಕ್ಕರ್ಧ ಮನೆಗಳಲ್ಲಿ ಇದೇ ಕಥೆ. ಸುಮ್ನೆ ಬಿಟ್ಟರೆ ಕ್ಲೇಮ್ ಹೊತ್ತಿಗೆ ಅಲ್ಲೇ ತಡೆ ಬೀಳುತ್ತದೆ. ತಿದ್ದುಪಡಿಗೆ ಅರ್ಜಿ ಅವತ್ತೇ ಬರೆದೆವು.

ಪಾಲಿಸಿ ಈಗ ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್‌ನಿಂದ ಕಂಪನಿಗಳೆಲ್ಲ ಕೊಡಬೇಕಾದ ಪಾಲಿಸಿ ಅದು. ನೆರೆ, ಬಿರುಗಾಳಿ, ಭೂಕಂಪ ಎಲ್ಲ ಒಳಗೆ ಬರುತ್ತವೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಶೇಕಡಾ 20ರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ, ಮನೆ ಸಾಮಾನಿಗೂ ತಾನಾಗಿ ಸಿಗುತ್ತದೆ. ಚಿನ್ನಕ್ಕೆ ಬೇರೆಯೇ ಸೇರಿಸಬೇಕು.

ಆಮೇಲೆ ಮೊಬೈಲಿನಲ್ಲಿ ಮನೆಯ ವಿಡಿಯೋ. ದೊಡ್ಡಮ್ಮ ಮುಂದೆ, ನಾನು ಹಿಂದೆ. ಫ್ರಿಜ್ ಸ್ವಲ್ಪ ಎಳೆದು ಹಿಂಬದಿಯ ಮಾಡೆಲ್ ನಂಬರಿಗೆ ಟಾರ್ಚ್ ಹಿಡಿದರು. ಗ್ರೈಂಡರ್ ಹತ್ತಿರ ನಿಂತು, "ಇದು ದಾದರ್‌ನಲ್ಲಿ ತಗೊಂಡದ್ದು, ಅದನ್ನೂ ಹೇಳ್ತೇನೆ, ರೆಕಾರ್ಡ್ ಮಾಡು" ಅಂದರು. ಕಪಾಟು ತೆಗೆದು ರೇಷ್ಮೆ ಸೀರೆ ಒಂದೊಂದಾಗಿ ತೋರಿಸಿದರು. ಅವರಿಗೆ ಆ ಹಳೇ ನೋವು ಎಷ್ಟಿತ್ತು ಅಂತ ನನಗೆ ಗೊತ್ತಾದದ್ದು ಅಲ್ಲಿ. ವಿಡಿಯೋವನ್ನೂ ಕಾಗದಗಳ ಫೋಟೋಗಳನ್ನೂ ಪುಣೆಯಲ್ಲಿರುವ ಅಣ್ಣನಿಗೆ ಕಳಿಸಿದೆವು. ಆಧಾರ್, ಪ್ಯಾನ್ ಸರ್ಕಾರದ ಡಿಜಿಲಾಕರ್ ಆ್ಯಪ್‌ಗೆ ಹೋದವು.

ನನ್ನನ್ನು ಜಾಸ್ತಿ ಕಾಡಿದ್ದು ಶೇರ್ ಸರ್ಟಿಫಿಕೇಟ್. ಅದರಲ್ಲಿ ದೊಡ್ಡಪ್ಪನ ಹೆಸರು ಒಂದೇ. ತಮ್ಮ ನಂತರ ಸೊಸೈಟಿ ಯಾರ ಜೊತೆ ವ್ಯವಹರಿಸಬೇಕು ಅಂತ ಹೆಸರಿಸುವ ನಾಮಿನಿ ಫಾರ್ಮ್ ಕೊಟ್ಟೇ ಇರಲಿಲ್ಲ. "ನಾನು ಹೋದ ಮೇಲೆ ಅವಳದೇ ಅಲ್ವಾ ಮಾರಾಯ, ಅದಕ್ಕೆ ಫಾರ್ಮ್ ಯಾಕೆ?" ಅಂದರು. ನೆರೆಯಲ್ಲಿ ಜೀವ ಹೋದ ಮನೆಗಳೂ ಇದ್ದವಲ್ಲ ದೊಡ್ಡಪ್ಪ, ಅಂದೆ. ಅವರು ಮಾತಾಡಲಿಲ್ಲ. ನಾಮಿನಿಯಾದರೆ ಸೊಸೈಟಿ ವ್ಯವಹಾರ ಸಲೀಸು, ಆದರೆ ಅಷ್ಟಕ್ಕೇ ಮನೆ ಅವರದಾಗುವುದಿಲ್ಲ. ಅದಕ್ಕೆ ವಿಲ್ ಬೇಕು. ವಿಲ್‌ಗೆ ಸ್ಟಾಂಪ್ ಪೇಪರ್ ಬೇಡ, ಇಬ್ಬರು ಸಾಕ್ಷಿ ಸಾಕು. ಇದನ್ನು ಕೇಳಿ ದೊಡ್ಡಮ್ಮನೇ ಕನ್ನಡಕ ತಂದು ಅವರ ಮುಂದಿಟ್ಟರು.

ಸಂಜೆ ನಾಮಿನಿ ಫಾರ್ಮನ್ನು ಸೆಕ್ರೆಟರಿ ಕೈಗೆ ಕೊಟ್ಟು ಸ್ವೀಕೃತಿಗೆ ಸಹಿ ಹಾಕಿಸಿದೆ. ವಿಲ್‌ಗೆ ವಕೀಲರನ್ನು ನೋಡಲು ದೊಡ್ಡಪ್ಪ ಒಪ್ಪಿದ್ದಾರೆ. ಇನ್ನು ಉಳಿದಿರುವುದು ಅವರ ಕಾರು. ಬೇರೆಯವರಿಗೆ ಆದ ಹಾನಿಗಷ್ಟೇ ಇರುವ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ನೆರೆಗೆ ಕಾಸೂ ಸಿಗುವುದಿಲ್ಲ. ಪೂರ್ತಿ ವಿಮೆ ಇದ್ದರೂ, ನೀರಲ್ಲಿ ನಿಂತ ಗಾಡಿ ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ, ಎಂಜಿನ್‌ಗೆ ಅಂತ ಬೇರೆ ಸೇರಿಸಿದ ವಿಮೆ ಇಲ್ಲದಿದ್ದಾಗ ಕಂಪನಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದರ ಪಾಲಿಸಿ ಎಲ್ಲಿದೆ ಅಂತ ಕೇಳಿದ್ದೇನೆ. ಹುಡುಕುತ್ತಿದ್ದಾರೆ.