ಅಜ್ಜಿ ಕತೆಗೆ ಯಾರ ಅಪ್ಪಣೆ?

"ಅಜ್ಜಿ ಹೇಳೋ ಕತೆಗೂ ಪರ್ಮಿಷನ್ ಬೇಕಾ ಸಾರ್?"

ಮೊನ್ನೆ ಭಾನುವಾರ ಮೈಸೂರಿನ ಸರಸ್ವತಿಪುರಂನ ಮಹಡಿಯೊಂದರಲ್ಲಿ ತೊಗಲುಗೊಂಬೆ ಕೊರೆಯುತ್ತಿದ್ದ ಹುಡುಗ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಬೇಡ ಕಣಪ್ಪ. ಆದರೆ ಅವನ ಮುಂದಿದ್ದದ್ದು ಅಜ್ಜಿಯಲ್ಲ, ಮಕ್ಕಳ ಪುಸ್ತಕವೊಂದರ ಜೆರಾಕ್ಸ್. ಹದ ಮಾಡಿದ ಆಡಿನ ಚರ್ಮದಡಿ ಚಿತ್ರ ನಿಚ್ಚಳವಾಗಿ ಕಾಣುತ್ತಿತ್ತು. ಉಳಿ ಅದೇ ಗೆರೆಯ ಮೇಲೆ ಹೋಗುತ್ತಿತ್ತು. ದೀಪದ ಕುಡಿಗೆ ಚಿತ್ರಕಾರರು ಇಟ್ಟಿದ್ದ ಮೂಗುಬೊಟ್ಟೂ ಮೂಡಿತ್ತು.

ಆ ಪುಸ್ತಕದ ಕತೆ ನಮ್ಮ ಕಡೆಯದೇ. ಒಂದು ಕತೆ, ಒಂದು ಹಾಡು ಗೊತ್ತಿದ್ದೂ ಯಾರಿಗೂ ಹೇಳದ ಹೆಂಗಸು, ಗಂಡನ ಅನುಮಾನ, ರಾತ್ರಿ ಹನುಮಂತನ ಗುಡಿಯಲ್ಲಿ ಸೇರಿ ಹರಟುವ ಊರ ದೀಪಗಳು. ಇಷ್ಟು ಯಾರೊಬ್ಬರ ಸ್ವತ್ತೂ ಅಲ್ಲ. ಮೈಸೂರಲ್ಲೇ ಹುಟ್ಟಿದ ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಇದನ್ನು ಇಂಗ್ಲಿಷಿನಲ್ಲಿ ಹೇಳಿದ ಬಗೆ ಮಾತ್ರ ಅವರದು. ಅವರು ತೀರಿಕೊಂಡದ್ದು 1993ರಲ್ಲಿ. ಅದರ ಮುಂದಿನ ಜನವರಿಯಿಂದ 60 ವರ್ಷ ಎಣಿಸಿದರೆ 2053 ಮುಗಿಯುವ ತನಕವಂತೂ ಆ ಬರಹಕ್ಕೆ ಕಾಪಿರೈಟ್ ಹಕ್ಕಿದೆ. ಲೇಖಕರು ಹೋದ ಮೇಲೆ ಮೊದಲು ಅಚ್ಚಾದ ಬರಹವಾದರೆ ಎಣಿಕೆ ಅಚ್ಚಾದ ವರ್ಷದಿಂದ, ಇನ್ನೂ ಮುಂದಕ್ಕೆ ಹೋಗುತ್ತದೆ.

ಜನಪದ ಯಾವುದು, ಲೇಖಕರ ಕೈಚಳಕ ಯಾವುದು? ಅದೇ ಕತೆಯನ್ನು ಬೇರೆಬೇರೆಯವರು ಹೇಳಿದ ಮೂರ್ನಾಲ್ಕು ರೂಪಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ಎಲ್ಲದರಲ್ಲೂ ಇರುವುದನ್ನು ಧೈರ್ಯವಾಗಿ ಆಡಿ. ಒಂದೇ ಪುಸ್ತಕದಲ್ಲಿರುವ ಮಾತು, ಹೆಸರು, ತಿರುವು ಬಿಡಿ, ಇಲ್ಲವೇ ಕೇಳಿ. ಚಿತ್ರದ ಹಕ್ಕು ಬೇರೆಯೇ. ಕಾಗದದ್ದನ್ನು ಚರ್ಮಕ್ಕೋ ಮರಕ್ಕೋ ಇಳಿಸಿದರೂ ಅದು ನಕಲೇ.

ಹಕ್ಕುಳ್ಳವರ ಒಪ್ಪಿಗೆ ಬಾಯಿಮಾತಲ್ಲಿ ಬೇಡ, ಸಹಿ ಇರಲಿ. ಹಣ ಎಷ್ಟು, ಟಿಕೆಟ್ ಇದೆಯೇ, ಎಷ್ಟು ವರ್ಷ, ಎಲ್ಲೆಲ್ಲಿ, ಎಲ್ಲ ಬರೆದಿರಬೇಕು. ವರ್ಷ ಬರೆಯದಿದ್ದರೆ ಕಾನೂನು 5 ವರ್ಷ ಎನ್ನುತ್ತದೆ. ಜಾಗ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಎಷ್ಟೋ ತಂಡಗಳು ಎಡವುವುದು ಇಲ್ಲೇ, ಯೂಟ್ಯೂಬಿಗೆ ಹಾಕಿದ ವಿಡಿಯೊ ಗಡಿಯಲ್ಲಿ ನಿಲ್ಲುವುದಿಲ್ಲವಲ್ಲ. ಹವ್ಯಾಸಿ ಸಂಘ ಬಿಟ್ಟಿಯಾಗಿ ಆಡಿದರೆ ವಿನಾಯಿತಿಯುಂಟು, ಅದು ಆಟಕ್ಕಷ್ಟೇ. ವಿಡಿಯೊಗೂ ಸಿಗುತ್ತದೆಂದು ನಂಬಿ ಕೂರಬೇಡಿ. ಪೆನ್‌ಡ್ರೈವಿನ ಹಾಡೂ ಹಾಗೇ. ಪದ ಜನಪದವಾದರೂ ಧ್ವನಿಮುದ್ರಣಕ್ಕೆ ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಹಕ್ಕು. ತಮಟೆಯವರೊಬ್ಬರು, ಹಾಡುವವರೊಬ್ಬರು ಪರದೆಯ ಪಕ್ಕ ಕೂತರೆ ಆ ತಕರಾರೂ ಇಲ್ಲ, ಆಟಕ್ಕೂ ಕಳೆ.

"ನಮ್ಮಪ್ಪನ ಕಾಲ್ದಲ್ಲಿ ಇದನ್ನೆಲ್ಲ ಯಾರು ಕೇಳ್ತಿದ್ರು?" ಎಂದರು ಮೂಲೆಯಲ್ಲಿ ಕೂತಿದ್ದ ಹಿರಿಯ ಕಲಾವಿದರು. ಅವರ ಮಾತಲ್ಲಿ ತಪ್ಪಿಲ್ಲ, ಅವರ ಪದಗಳೆಲ್ಲ ಬಾಯಿಂದ ಬಾಯಿಗೆ ಬಂದವು. ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಕತೆ ಬರೆದು ಅಚ್ಚು ಹಾಕಿಸಿದವರಿಗೆ ತೀರಿಕೊಂಡ ಮೇಲೂ 60 ವರ್ಷದ ಹಕ್ಕಿದೆ. ಒಲೆ ಮುಂದೆ ಕೂತು ಅವರಿಗೆ ಕತೆ ಹೇಳಿದ ಹೆಂಗಸಿನ ಹೆಸರು ಎಷ್ಟೋ ಪುಸ್ತಕಗಳಲ್ಲಿ ಒಂದು ಸಾಲಾಗಿಯೂ ಇಲ್ಲ. ಹಾಗಾಗಿ ಕತೆ ಕೇಳಲು ಹೋದಾಗ ಹೇಳುವವರ ಹೆಸರು, ಊರು, ತಾರೀಖು ಬರೆದುಕೊಳ್ಳಿ, ಫೋನಿನಲ್ಲಿ ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಿ, ಆಟದ ಮೊದಲಿಗೆ ಆ ಹೆಸರನ್ನು ಕೂಗಿ ಹೇಳಿ.

ಹುಡುಗ ಚರ್ಮ ಎಸೆಯಲಿಲ್ಲ. ಮೂಗುಬೊಟ್ಟಿನ ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಆಟದ ಗುಡಿಯ ಕಂಬ ಮಾಡಲು ಇಟ್ಟುಕೊಂಡ. ಸಂಜೆ ಪಾಂಡವಪುರದ ಅಜ್ಜಿಗೆ ಫೋನು ಹಚ್ಚಿದ. ಅವರಿಗೂ ಕತೆ ಗೊತ್ತಿತ್ತು. ಅವರ ಕತೆಯಲ್ಲಿ ದೀಪಗಳು ಸೇರುವುದು ಹನುಮಂತನ ಗುಡಿಯಲ್ಲಲ್ಲ, ಕೆರೆ ಏರಿ ಮೇಲಿನ ಊರಮ್ಮನ ಗುಡಿಯಲ್ಲಿ.